ಒಂದೇ ಬಾಗಿಲು, ಎರಡು ಒಲೆ

ಗೀತಾ ಟೀಚರಿಗೆ ಜನಗಣತಿಯ ಕೆಲಸ ಬಿದ್ದಾಗ ಶಾಲೆಯ ಉಳಿದ ಮೇಷ್ಟರುಗಳು ಅಯ್ಯೋ ಪಾಪ ಎಂದರು. ಬೇಸಿಗೆ ರಜೆ ಹಾಳು, ಬಿಸಿಲು ಬೇರೆ, ಮೇಲಿಂದ ನಾಯಿಕಾಟ. ಗೀತಾ ಮಾತ್ರ ಖುಷಿಯಿಂದ ಹೋಗಿ ಹೊಸ ಕೊಡೆಯೊಂದನ್ನು ಕೊಂಡು ತಂದಳು. ಮಂದಿಯ ಮನೆಯೊಳಗೆ ಕೂತು ಎಷ್ಟು ಜನ ಇದ್ದೀರಿ, ಏನು ಉಣ್ಣುತ್ತೀರಿ ಎಂದು ಕೇಳಲು ಸರ್ಕಾರವೇ ಕಳಿಸಿದರೆ ಬಿಡುವವರುಂಟೇ ಎಂಬುದು ಅವಳ ವಾದ.

ಅವಳು ಬನವಾಸಿ ಹತ್ತಿರದ ಗುಡ್ನಾಪುರದವಳು. ಸಿದ್ದಾಪುರ ಪೇಟೆಯ ಶಾಲೆಗೆ ಬಂದು ಎಷ್ಟೋ ವರ್ಷವಾದರೂ ಅವಳ ‘ಬರ್ರಿ, ಕುಂದರ್ರಿ’ ಬದಲಾಗಿರಲಿಲ್ಲ. ಗಂಡ ಗಿರೀಶ ಹಾವೇರಿಯಲ್ಲಿ ಬಸ್ ಚಾಲಕ, ವಾರದ ರಜೆಗೆ ಬಂದು ಹೋಗುತ್ತಾನೆ. ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಬಾಡಿಗೆ ಮನೆಯಲ್ಲಿ ಹೆಚ್ಚಿನ ದಿನ ಗೀತಾ ಒಬ್ಬಳೇ. ಊರಿನ ಮಕ್ಕಳ ಹೆಸರೆಲ್ಲ ಅವಳಿಗೆ ಬಾಯಿಪಾಠ, ಆದರೆ ಆ ಮಕ್ಕಳ ಮನೆಗಳ ಹೊಸಿಲು ದಾಟಿದ್ದು ಕಡಿಮೆ.

ಈಗ ದಾಟತೊಡಗಿದಳು. ಕಿರಾಣಿ ಅಂಗಡಿಯ ಕೊಂಕಣಿ ಮನೆಯಲ್ಲಿ ಪುನರ್ಪುಳಿ ಶರಬತ್ತು ಕೊಟ್ಟರು. ಟೇಲರ್ ಸಾಹೇಬರ ಮನೆಯಲ್ಲಿ ಅತ್ತೆ ಉರ್ದುವಿನಲ್ಲಿ ಹೇಳಿದ್ದನ್ನು ಸೊಸೆ ಕನ್ನಡಕ್ಕೆ ತಿರುಗಿಸುತ್ತ, ನಡುವೆ ತನ್ನ ದೂರನ್ನೂ ಸೇರಿಸಿದಳು. ಘಟ್ಟದ ಕೆಳಗಿನಿಂದ ಬಂದು ಮೀನು ಮಾರುವ ಹೆಂಗಸು, “ಯಾವ ಊರಿಗೆ ಬರೀತ್ರಿ ನನ್ನ? ಹಗಲು ಇಲ್ಲಿ, ರಾತ್ರಿ ಕುಮಟೆ,” ಎಂದು ನಕ್ಕಳು. ಬಸ್ ನಿಲ್ದಾಣದ ಹಿಂದಿನ ಕೋಣೆಯಲ್ಲಿ ಕಟ್ಟಡ ಕೆಲಸಕ್ಕೆಂದು ಜಾರ್ಖಂಡದಿಂದ ಬಂದ ಹುಡುಗರಿದ್ದರು. ಮನೆಯ ಯಜಮಾನ ಯಾರು ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ ಅಡುಗೆ ಮಾಡುತ್ತಿದ್ದವನ ಕಡೆ ಬೆರಳು ತೋರಿಸಿದರು. ಅವನು ಸೌಟು ಹಿಡಿದುಕೊಂಡೇ ನಾಚಿದ.

ಹೀಗೆ ಸರಾಗವಾಗಿ ಸಾಗುತ್ತಿದ್ದ ಕೆಲಸ ನಾಗಪತಿ ಹೆಗಡೆಯವರ ಮನೆಯಲ್ಲಿ ನಿಂತುಬಿಟ್ಟಿತು.

ಆ ಮನೆಯಲ್ಲಿ ಇದ್ದವರು ಮೂವರು: ನಾಗಪತಿ, ಅವರ ಹೆಂಡತಿ ಜಯಾ, ಮತ್ತು ತೀರಿಹೋದ ಅಣ್ಣನ ಹೆಂಡತಿ ಶರಾವತಿ. ಹಿಂದೆ ಯಾವುದೋ ಮದುವೆಯಲ್ಲಿ ಜಯಾ ಮಾಡಿದ ಅಪ್ಪೆಹುಳಿಗೆ, ಅಂದರೆ ಮಾವಿನಕಾಯಿಯ ತೆಳು ಸಾರಿಗೆ, ಶರಾವತಿ ನಾಲ್ಕು ಜನರ ಎದುರು ಉಪ್ಪು ಸಾಲದು ಎಂದಿದ್ದರಂತೆ. ಅಂದಿನಿಂದ ಓರಗಿತ್ತಿಯರ ಅಡುಗೆ ಬೇರೆ, ಮಾತೂ ಇಲ್ಲ. ಬಾಗಿಲು ಒಂದೇ, ಜಗಲಿ ಒಂದೇ, ಒಲೆ ಎರಡು.

“ಒಂದ ಅಡಗೀ ಉಣ್ಣೋರು ಒಂದ ಕುಟುಂಬ ಅಂತ ಲೆಕ್ಕರೀ,” ಗೀತಾ ಫೋನಿನಲ್ಲಿ ಗಣತಿಯ ಆ್ಯಪ್ ತೆರೆದು ಹೇಳಿದಳು. “ನಿಮ್ಮನಿಯಾಗ ಹೆಂಗ?”

“ಎರಡು ಕುಟುಂಬ,” ಇಬ್ಬರು ಹೆಂಗಸರೂ ಒಂದೇ ದನಿಯಲ್ಲಿ ಹೇಳಿದರು. ಆ ಒಂದು ವಿಷಯದಲ್ಲಿ ಅವರಿಗೆ ಒಮ್ಮತವಿತ್ತು.

“ಹೆಗಡೇರ, ನೀವು ಯಾವ ಒಲಿಮ್ಯಾಗಿಂದು ಉಣ್ತೀರಿ?”

ಸುಲಭದ ಪ್ರಶ್ನೆ. ಆದರೆ ನಾಗಪತಿ ಕೆಮ್ಮಿದರು, ಕನ್ನಡಕ ಒರೆಸಿದರು, ಅಂಗಳದ ಕಡೆ ನೋಡಿದರು.

“ಹೇಳಲೆ ಎಂತ?” ಜಯಾ ಕೇಳಿದರು. “ಆನು ಮಾಡಿದ್ದೇ ತಿಂತ್ರಲೀ ನಿಂಗ?”

“ಮಧ್ಯಾಹ್ನ, ರಾತ್ರಿ ಅದೇಯ,” ನಾಗಪತಿ ಮೆಲ್ಲಗೆ ಹೇಳಿದರು.

“ಮತ್ತೆ ಬೆಳಿಗ್ಗೆ?” ಜಯಾ ಬಿಡಲಿಲ್ಲ.

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಸಾಲದ್ದಕ್ಕೆ ಎದುರಿಗೆ ಕೂತದ್ದು ಸರ್ಕಾರ. “ಬೆಳಿಗ್ಗೆ ನಿನ್ನ ಗಂಜಿ ಉಂಡಾದ್ಮೇಲೆ ಅತ್ತಿಗೆ ಹತ್ರ ಎರಡು ತೆಳ್ಳೇವು ದೋಸೆ... ಖಾರ ಚಟ್ನಿ ಜೊತಿಗೆ... ದಿನಾ ಅಲ್ಲ,” ಎಂದು ತಡವರಿಸಿದರು.

“ದಿನಾನೇಯ,” ಎಂದರು ಶರಾವತಿ, ಬಾಗಿಲಿಗೆ ಒರಗಿ. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಜಯಾರ ಮುಖ ಕೆಂಪಾಯಿತು. ಡಾಕ್ಟರು ಹೇಳಿದರೆಂದು ವರ್ಷಗಟ್ಟಲೆ ಗಂಡನಿಗೆ ಉಪ್ಪು, ಖಾರ ಕಡಿಮೆ ಮಾಡಿ ಬೇಯಿಸಿದವರು ಅವರು. ಗೀತಾ ಫೋನು ಮುಚ್ಚಿ ಎದ್ದಳು. ತಾನು ಜನ ಎಣಿಸಲು ಬಂದು ಮನೆ ಒಡೆದೆನೇ ಎಂದು ಭಯವಾಗಿ, “ನಾಳಿಗೆ ಬರ್ತೀನ್ರಿ,” ಎಂದು ಕೊಡೆಯನ್ನೂ ಬಿಡಿಸದೆ ಬಿಸಿಲಿನಲ್ಲಿ ಹೊರಟುಬಿಟ್ಟಳು.

ಮರುದಿನ ಅವಳು ಅಂಜುತ್ತಲೇ ಗೇಟು ತೆಗೆದಳು. ಅಂಗಳದಲ್ಲಿ ಚಾಪೆ ಹಾಸಿತ್ತು. ಜಯಾ ಹಲಸಿನ ತೊಳೆಯ ಹಿಟ್ಟು ಉಂಡೆ ಕಟ್ಟುತ್ತಿದ್ದರು, ಶರಾವತಿ ಹಪ್ಪಳ ಒತ್ತುತ್ತಿದ್ದರು. ನಾಗಪತಿ ಕಾಗೆ ಓಡಿಸುವ ಕೋಲು ಹಿಡಿದು ವಿಧೇಯರಾಗಿ ಕೂತಿದ್ದರು.

“ಬಾ ತಂಗಿ,” ಶರಾವತಿ ಕರೆದರು. “ನಿನ್ನೆ ನೀನು ಹೋದ ಮೇಲೆ ಇವಳು ಬಂದು ಬೈದಳು. ಅಂವಂಗೆ ಬೀಪಿ ಇದ್ದು, ನಿಂಗೆ ಗೊತ್ತಿಲ್ಯ ಅಂತ. ಎನಗೆ ಖರೇ ಗೊತ್ತಿತ್ತಿಲ್ಲೆ. ಮಾತಾಡಿದ್ರೆ ತಾನೆ ಗೊತ್ತಪ್ಪುದು?”

“ಎಷ್ಟು ಉಪ್ಪು ಹಾಕ್ತಿದ್ರು ಅಂತ ನೋಡಲೆ ಹೋದೆ,” ಜಯಾ ತಲೆಯೆತ್ತದೆ ಹೇಳಿದರು. “ಆ ಚಟ್ನಿ ಒಂಚೂರು ಬಾಯಿಗೆ ಹಾಕ್ಯಂಡೆ. ಚೊಲೋ ಇತ್ತು. ಎಂತ ಮಾಡ್ತೆ?”

ಮೂವರೂ ನಕ್ಕರು, ಮೊದಲು ನಕ್ಕವರು ನಾಗಪತಿ.

“ಹಂಗಾರ ಒಂದ ಕುಟುಂಬ ಬರಕೊಳ್ಳಲೇನ್ರಿ?”

“ಒಂದೇ ಬರಿ,” ಎಂದರು ಜಯಾ. “ಯಜಮಾನಿ ಅಂತ ಅಕ್ಕನ ಹೆಸರು ಹಾಕು. ಬೇಜಾರು ಬಂದ್ರೆ ಅವರನ್ನೇ ಬೈಯಲೆ ಬರ್ತು.”

ಗೀತಾ ಬರೆದು ಮುಗಿಸಿ ಏಳುವಷ್ಟರಲ್ಲಿ ಶರಾವತಿ ಕೇಳಿದರು: “ನಿಮ್ಮನೇಲಿ ಎಷ್ಟು ಜನ?”

ಇಡೀ ಓಣಿಯಲ್ಲಿ ಅವಳನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. “ಸದ್ಯ ನಾನೊಬ್ಬಾಕಿರೀ,” ಎಂದಳು. ನಗುತ್ತಲೇ ಹೇಳಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

“ಹಾಂಗಾರೆ ಕೈ ತೊಳ್ಕಂಡು ಕೂತ್ಕ. ಇನ್ನೂ ರಾಶಿ ಹಿಟ್ಟಿದ್ದು.”

ಗೀತಾ ಕೂತಳು. ರೊಟ್ಟಿ ಬಡಿದು ಬೆಳೆದ ಕೈ ಅವಳದು, ಮಣೆಯಲ್ಲಿ ಒತ್ತುವ ಗೋಜಿಗೇ ಹೋಗದೆ ಉಂಡೆಯನ್ನು ಅಂಗೈಯಲ್ಲೇ ತಟ್ಟಿ ತಟ್ಟಿ ಹರಡಿದಳು. ಜಯಾ ಅದನ್ನೆತ್ತಿ ಬಿಸಿಲಿಗೆ ಹಿಡಿದು ನೋಡಿ, ತೆಳ್ಳಗೇ ಇದೆ ಎಂದು ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ನಾಲ್ವರೂ ಸಾಲಾಗಿ ಕೂತು ಉಂಡರು.

ಮುಂದಿನ ವಾರ ಗಿರೀಶ ಬಂದಾಗ ಗೀತಾ ಅವನನ್ನೂ ಆ ಮನೆಗೆ ಕರೆದುಕೊಂಡು ಹೋದಳು, ಜೋಳದ ಹಿಟ್ಟಿನ ಚೀಲದ ಸಮೇತ. ಗೀತಾ ಹೇಳಿಕೊಟ್ಟಂತೆ ಶರಾವತಿ ಬಡಿದ ಮೊದಲ ರೊಟ್ಟಿ ಹೆಂಚಿಗೆ ಹಾಕುವ ಮೊದಲೇ ಮೂರು ತುಂಡಾಯಿತು. ನಾಗಪತಿ ಆ ಮೂರು ತುಂಡನ್ನೂ ಸುಟ್ಟು ಕೊಡಿ ಎಂದು ತಟ್ಟೆ ಹಿಡಿದು ಒಲೆಯ ಪಕ್ಕವೇ ನಿಂತಿದ್ದರು.