ಸವಕಳಿಗೆ ಇನ್ಶೂರೆನ್ಸ್ ಇಲ್ಲ

ಅಣ್ಣನ ಮೇಲೆ ನಾನು ಕೈ ಎತ್ತಿದ್ದು ಒಂದೇ ಸಲ. ಅದೂ ಬಾವಲಿ ಹಿಕ್ಕೆಯ ದೆಸೆಯಿಂದ.

ಸೊರಬದಲ್ಲಿ ನಾನು ಬಾಡಿಗೆಗಿದ್ದ ಮನೆಯೆದುರು ಒಂದು ನೇರಳೆ ಮರವಿತ್ತು. ನನ್ನ ಬಿಳಿ ಕಾರು ಅದರ ಕೆಳಗೇ ನಿಲ್ಲುತ್ತಿತ್ತು. ಕಾಲೇಜಿನಲ್ಲಿ ಪಾಠ ಮಾಡಿ ಕೊಂಡ ಕಾರು. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು, ಮೊದಲ ಕಾರೂ ನನ್ನದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ವರ್ಷ ಹಣ್ಣಿನ ಕಾಲಕ್ಕೆ ಬಾವಲಿಗಳು ಹಿಂಡುಗಟ್ಟಿ ಬಂದವು. ಕಾರಿನ ಮೇಲೆ ಬಿದ್ದ ಹಿಕ್ಕೆ ಬಿಸಿಲಿಗೆ ಕಾದು ಬಣ್ಣವನ್ನೇ ತಿಂದುಹಾಕಿತು. ತೊಳೆದು ನೋಡಿದರೆ ಬಾನೆಟ್ಟಿನ ತುಂಬ ಸಿಡುಬಿನ ಕಲೆ.

ಒಂದು ಭಾನುವಾರ ಇನ್ಶೂರೆನ್ಸಿನವನನ್ನು ಕರೆಸಿದೆ. ಕೊಂಬೆ ಕಡಿಯಲೆಂದು ಅಣ್ಣನೂ ಶಿಕಾರಿಪುರದ ಕಡೆಯ ನಮ್ಮೂರಿಂದ ಕೊಡಲಿ ಹಿಡಿದು ಬಂದಿದ್ದ. ನಾನು ಓದಲೆಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಇಟ್ಟಿಗೆ ಭಟ್ಟಿಗೆ ಹೋದವನು ಅವನು.

"ಮರ ಬಿದ್ದಿದ್ರೆ ಕೊಡ್ತಿದ್ವಿ ಮೇಡಂ. ಹಿಕ್ಕೆ ಬಿದ್ರೆ ಬರಲ್ಲ" ಎಂದ ಇನ್ಶೂರೆನ್ಸಿನವನು.

"ಎರಡೂ ಮೇಲಿಂದಲೇ ಬೀಳೋದಲ್ವೇನ್ರೀ?"

"ಒಂದೇ ಏಟಿಗೆ ಆಗಿದ್ರೆ ಅದು ಆಕಸ್ಮಿಕ. ದಿನಾ ಇಷ್ಟಿಷ್ಟೇ ಆಗಿದ್ದು ಸವಕಳಿ. ಸವಕಳಿಗೆ ಇನ್ಶೂರೆನ್ಸ್ ಇಲ್ಲ."

ಅಣ್ಣ ತನ್ನ ಅಂಗೈ ನೋಡಿಕೊಂಡು ನಕ್ಕ. "ಹಂಗಾರೆ ನಂಗೂ ಏನೂ ಬರಲ್ಲ ಬಿಡ್ರಿ."

ಇನ್ಶೂರೆನ್ಸಿನವನು ಪಕ್ಕದ ಬೀದಿಯಲ್ಲಿ ಇನ್ನೊಂದು ಗಾಡಿ ನೋಡಲು ಹೋದ. ನಾನು ಚಾ ಇಡಲು ಒಳಗೆ ಹೋದೆ. ನೀರು ಕುದಿಯುವ ಮೊದಲೇ ಹೊರಗೆ ಧಡಾರ್ ಎಂದಿತು. ಓಡಿ ಬಂದರೆ ಕಾರಿನ ಮೇಲೆ ತೋಳುದಪ್ಪದ ಕೊಂಬೆ. ಅಣ್ಣ ಬೇಕೆಂತಲೇ ಅಲ್ಲಿಗೆ ಕೆಡವಿದ್ದ. ಕಾರಿಗೆ ನಾಲ್ಕು ಎಲೆ ಅಂಟಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಥೂ, ಇದರದ್ದು!" ಎಂದು ಮರದಿಂದ ಧುಮುಕಿದವನೇ ಕೊಡಲಿಯನ್ನು ತಿರುಗಿಸಿ ಹಿಡಿದ. "ಒಂದೇ ಏಟು ಅಂದಿದ್ನಲ್ಲ ಅವ್ನು!"

ಮೊದಲ ಏಟಿಗೆ ಬಾನೆಟ್ಟು ಕುಸಿಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ಮುಂದಿನ ಗಾಜು ಪುಡಿಯಾಯಿತು, ದೀಪ ಸಿಡಿಯಿತು, ಕನ್ನಡಿ ಹಾರಿ ಚರಂಡಿಗೆ ಬಿತ್ತು. ಹಲ್ಲು ಕಚ್ಚಿ, ಎಂಜಲು ಸಿಡಿಸುತ್ತ ಬಾರಿಸುತ್ತಲೇ ಇದ್ದ. ಕಾರಿಗೆ ಹೊಡೆಯುವವನ ಮುಖವಲ್ಲ ಅದು. ನಾನು ಅಡ್ಡ ನುಗ್ಗಿ ಕಪಾಳಕ್ಕೆ ಬಿಗಿದೆ. ತುಟಿ ಒಡೆದು ರಕ್ತ ಬಂತು. ಅವನು ನನ್ನ ಮಣಿಕಟ್ಟು ಹಿಡಿದು ತಿರುಚಿದ. ಬಳೆ ಚೂರಾಗಿ ಚರ್ಮದೊಳಗೆ ಹೊಕ್ಕಿತು.

"ನಿನ್ ಕಾರಿಗೋಸ್ಕರಾನೇ ಕಣೇ ಮಾಡಿದ್ದು! ನಂಗೇ ಹೊಡಿತೀಯ?"

ಸದ್ದಿಗೆ ಇನ್ಶೂರೆನ್ಸಿನವನು ಓಡಿ ಬಂದ. ಅಣ್ಣ ನನ್ನ ಕೈ ಬಿಟ್ಟು ತುಟಿ ಒರೆಸಿಕೊಂಡ.

"ಗಾಳಿಗೆ ಕೊಂಬೆ ಬಿತ್ತು ರೀ."

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇನ್ಶೂರೆನ್ಸಿನವನು ಕೊಡಲಿ ನೋಡಿದ, ನಮ್ಮಿಬ್ಬರ ರಕ್ತ ನೋಡಿದ. "ಗಾಳಿ ಜೋರೇ ಇತ್ತು ಅನ್ನಿ" ಎನ್ನುತ್ತ ಫಾರಂ ತೆಗೆದು ತಾನೇ ಬರೆದ. "ಇಲ್ಲಿ ಸೈನ್ ಮಾಡಿ ಮೇಡಂ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಹಾಕು" ಎಂದ ಅಣ್ಣ. ಬೇಡುವ ದನಿ. ನಾನು ಸಹಿ ಹಾಕಿದರೆ ಅವನು ಮಾಡಿದ್ದು ಉಪಕಾರ; ಹಾಕದಿದ್ದರೆ ಬರೀ ಹುಚ್ಚು.

ನಮ್ಮಪ್ಪ ಬದುಕಿಡೀ ಹೆಬ್ಬೆಟ್ಟು ಒತ್ತಿದವನು. ಕಾಗದದಲ್ಲಿ ಏನಿದೆಯೆಂದು ಅವನಿಗೆ ಯಾರೂ ಓದಿ ಹೇಳಲಿಲ್ಲ. ನಾನು ಓದಿದೆ. 'ಗಾಳಿಗೆ ಕೊಂಬೆ ಮುರಿದು' ಎಂದಿತ್ತು. ಮಣಿಕಟ್ಟಿನಿಂದ ಒಂದು ಹನಿ ಆ ಸಾಲಿನ ಮೇಲೇ ಬಿತ್ತು.

"ಗಾಳಿ ಅಲ್ಲ, ಕೊಡಲಿ" ಎಂದು ಪೆನ್ನು ವಾಪಸ್ ಕೊಟ್ಟೆ.

ಇನ್ಶೂರೆನ್ಸಿನವನು ಫಾರಂ ಹರಿದು ಜೇಬಿಗೆ ತುರುಕಿಕೊಂಡು ಬೈಕ್ ಹತ್ತಿದ. ಅಣ್ಣ ಕೊಡಲಿ ಎತ್ತಿಕೊಂಡ.

"ಓದಿಸಿದ್ದು ನಾನೇ ಅಲ್ವ? ಅನುಭವಿಸ್ತೀನಿ ಬಿಡು."

ಹೋಗುತ್ತ ಮರಕ್ಕೊಂದು ಏಟು ಹಾಕಿದ. ಕೊಡಲಿ ಬಾಯಿ ಪೂರ್ತಿ ಒಳಗಿಳಿಯಿತು. ಕಿತ್ತುಕೊಳ್ಳಲೂ ನಿಲ್ಲದೆ ಬರಿಗೈಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದ.