ತೂತು ಮುಚ್ಚುವವಳು ಬಾಯಿ ಬಿಡುವಂತಿಲ್ಲ

ಇನ್ನೂ ಬೆಳಕು ಹರಿದಿಲ್ಲ. ವಲುಕುಬಾ ಬಡಾವಣೆಯ ಬೀದಿಯಲ್ಲಿ ಒಂದೇ ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ನೈಗಾಗ ಕಂಬಳಿ ಹೊದ್ದು, ಮಡಿಲಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಹಾಲಿಲ್ಲದ ಚಹಾ ಆರುತ್ತಿದೆ. ಅಣೆಕಟ್ಟಿನ ಊರಿನಲ್ಲಿದ್ದುಕೊಂಡೂ ಕರೆಂಟನ್ನು ನಂಬುವಂತಿಲ್ಲ, ಇರುವಾಗಲೇ ಕೆಲಸ ಮುಗಿಸಿಕೊಳ್ಳಬೇಕು. ಮಸೆಸೆಯ ಸರೋವರದ ದಡದಿಂದ ಬರುವ ಸೈಕಲ್ಲಿನವರು ಮೀನಿನ ವಾಸನೆ ಬಿಟ್ಟುಕೊಂಡು ಹೋಗುತ್ತಾರೆ. ಆಕೆ ತಲೆಯೆತ್ತುವುದಿಲ್ಲ. ಒಂದು ಸಾಲು ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಓದಿದವರು ಮರುಕ್ಷಣ ಮರೆಯಬೇಕು, ಆ ಸಾಲು ಅಷ್ಟು ಸಪ್ಪೆಯಾಗಿರಬೇಕು.

ಗೋಡೆಯಾಚೆ ಮರಗೆಣಸು ಕರಿದು ಮಾರುವ ಕಗೋಯಾಗೆ ಈ ಕಿಟಕಿಯ ಮೇಲೆ ಮೊದಲಿನಿಂದಲೂ ಅನುಮಾನ. "ಏನ್ ಟೀಚರಮ್ಮ, ಯಾವ ಬಿಳಿಯನಿಗೆ ದಿನಾ ಕಾಗದ ಬರೀತೀಯ? ಬಂದು ಮದುವೆ ಆಗ್ತಾನಂತಾ, ಇಲ್ವಂತಾ?" ಎಂದು ಎಣ್ಣೆ ಕಾಯಿಸುತ್ತಲೇ ಕೇಳುತ್ತಾಳೆ. ಕಾಗದ ಬರೆಯುವುದು ಸುಳ್ಳಲ್ಲ. ಆಕೆಯಂತೆ ತಂತ್ರಾಂಶ ತಿದ್ದುವ ಕಸುಬಿನವರು ಒಬ್ಬರ ಮುಖ ಒಬ್ಬರು ನೋಡದೆ ಇಮೇಲಿನಲ್ಲೇ ಜಗಳವಾಡಿ, ಇಮೇಲಿನಲ್ಲೇ ಕೆಲಸ ಒಪ್ಪಿಸುತ್ತಾರೆ.

ಹಗಲು ನೈಗಾಗ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಬೆಳಗಿನ ಜಾವ ಕಂಪ್ಯೂಟರಿನ ಕರ್ನಲ್‌ಗೆ ಮೀಸಲು. ಫೋನು, ಬ್ಯಾಂಕಿನ ಯಂತ್ರ, ಆಸ್ಪತ್ರೆಯ ಕಂಪ್ಯೂಟರು, ಎಲ್ಲದರ ತಳದಲ್ಲಿ ಕೂತು ಯಾರಿಗೆ ಎಷ್ಟು ಜಾಗ, ಯಾರು ಏನನ್ನು ಮುಟ್ಟಬಹುದು ಎಂದು ತೀರ್ಮಾನಿಸುವ ತಂತ್ರಾಂಶದ ತಿರುಳು ಅದು. ಅದರಲ್ಲಿ, ಜಾಲದಿಂದ ತುಂಡುತುಂಡಾಗಿ ಬರುವ ಮಾಹಿತಿಯನ್ನು ಜೋಡಿಸುವ ಒಂದು ಸಣ್ಣ ಮೂಲೆ ಆಕೆಯದು. ಅದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು; ಆಕೆಯನ್ನು ಯಾರೂ ನೇಮಿಸಿದ್ದಲ್ಲ, ಸಂಬಳವೂ ಇಲ್ಲ. ಮೊದಲು ಕಳಿಸಿದ ತಿದ್ದುಪಡಿಯನ್ನು ತಿದ್ದುಪಡಿಗಳನ್ನು ಪರಿಶೀಲಿಸುವ ದೂರದ ಹಿರಿಯನೊಬ್ಬ ಹಿಂದಕ್ಕೆ ಎಸೆದಿದ್ದ. "ನಾನು ಹಿಡಿದ ತಪ್ಪು ಸರಿಯಾಗೇ ಇತ್ತು. ಸಾಲಿನ ಶುರುವಿನಲ್ಲಿ ಬಿಟ್ಟ ಖಾಲಿ ಜಾಗ ಅವರ ಪದ್ಧತಿ ಪ್ರಕಾರ ಇರ್ಲಿಲ್ಲ, ಅಷ್ಟೇ. ಕೂತು ಅತ್ತೆ. ಆಮೇಲೆ ಜಾಗ ಸರಿಮಾಡಿ ಕಳಿಸ್ದೆ," ಎನ್ನುತ್ತಾರೆ. ಈ ತಿರುಳಿನ ಮೇಲೆ ಮಹಲು ಕಟ್ಟಿಕೊಂಡ ಕಂಪನಿಗಳಿಗೆ ಆಕೆಯ ಹೆಸರು ಉಚ್ಚರಿಸಲೂ ಬಾರದು.

ಆಕೆ ಮುಚ್ಚುವ ತೂತುಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಹೊರಗಿನವನೊಬ್ಬ ಬೊಗಸೆ ಕಾಳು ತಂದಿದ್ದೇನೆ ಎನ್ನುತ್ತಾನೆ, ಯಂತ್ರ ನಂಬಿ ಬಟ್ಟಲು ಹಿಡಿಯುತ್ತದೆ, ಅವನು ಮೂಟೆ ಸುರಿಯುತ್ತಾನೆ. ಚೆಲ್ಲಿದ್ದು ಪಕ್ಕದ ಪಾತ್ರೆಗಳಿಗೆಲ್ಲ ಸೇರಿ, ಕೊನೆಗೆ ಅಡುಗೆಮನೆಯೇ ಅವನದಾಗುತ್ತದೆ. ಸುರಿಯುವ ಮೊದಲು ಅಳೆದು ನೋಡು ಎಂದು ಯಂತ್ರಕ್ಕೆ ಕಲಿಸುವುದೇ ತೂತು ಮುಚ್ಚುವುದು.

ಕಹಿಯೆಲ್ಲ ಇರುವುದು ಆಮೇಲಿನ ಪದ್ಧತಿಯಲ್ಲಿ. ತಿದ್ದುಪಡಿ ಎಲ್ಲರ ಕಣ್ಣೆದುರಿಗೇ ಹೋಗುತ್ತದೆ, ಅದನ್ನಿನ್ನೂ ಹಾಕಿಕೊಳ್ಳದವರ ಯಂತ್ರಕ್ಕೆ ನುಗ್ಗಲು ಕಳ್ಳರೂ ಓದುತ್ತಾರೆ. ಅದಕ್ಕೇ ಅದರ ಜೊತೆಗಿಡುವ ಟಿಪ್ಪಣಿಯಲ್ಲಿ ತೂತಿನ ಸುಳಿವು ಇರಕೂಡದು, ಯಾವುದೋ ಕ್ಷುಲ್ಲಕ ತಿದ್ದುಪಡಿಯಂತೆ ಕಾಣಬೇಕು. ಸುದ್ದಿ ಹೊರಬಿಡುವ ದಿನ ನಿಗದಿಯಾಗಿರುತ್ತದೆ, ಅಲ್ಲಿಯವರೆಗೆ ಗೊತ್ತಿರುವ ಕೆಲವರು ಮನೆಯವರ ಮುಂದೆಯೂ ಬಾಯಿ ಬಿಡುವುದಿಲ್ಲ. ದೊಡ್ಡ ಕಂಪನಿಗಳಿಗೆ ಗುಟ್ಟಾಗಿ ಮೊದಲೇ ತಿಳಿಸುವುದುಂಟು. ಸಣ್ಣವರು ಆ ಟಿಪ್ಪಣಿಗಳನ್ನೇ ನೋಡಿ ಅಂದಾಜು ಮಾಡಿಕೊಳ್ಳಬೇಕು.

ಅಂಥ ಸಣ್ಣವರಲ್ಲಿ ಒಬ್ಬ ಬಲಿಕೋವಾ, ನೈಗಾಗರ ಒಡಹುಟ್ಟಿದ ತಮ್ಮ. ಬುಗೆಂಬೆ ಕಡೆಯ ಒಂದು ಹೆರಿಗೆ ಆಸ್ಪತ್ರೆಯ ಕಂಪ್ಯೂಟರುಗಳು ಅವನ ಸುಪರ್ದಿಯಲ್ಲಿದ್ದವು. ಭಾನುವಾರ ಅಕ್ಕನ ಮನೆಗೆ ಬಂದು, ಸಿಹಿಗೆಣಸನ್ನು ಕಡಲೆಕಾಯಿ ಸಾರಿನಲ್ಲಿ ಅದ್ದಿ ತಿನ್ನುತ್ತಾ, ಈ ವಾರ ಮುಖ್ಯವಾದ್ದು ಏನಾದರೂ ಇದೆಯಾ ಎಂದು ಕೇಳುವುದು ಅವನ ರೂಢಿ. ಕಳೆದ ಮಳೆಗಾಲದ ಒಂದು ಭಾನುವಾರವೂ ಕೇಳಿದ. ಆ ವಾರವಷ್ಟೇ ಆಕೆ ತನ್ನ ಮೂಲೆಯ ಅತಿ ಕೆಟ್ಟ ತೂತನ್ನು ಮುಚ್ಚಿ, 'ಉದ್ದದ ಲೆಕ್ಕ ಸರಿಪಡಿಸಿದೆ' ಎಂದಷ್ಟೇ ಬರೆದು ಕಳಿಸಿದ್ದರು. ತಮ್ಮನ ತಟ್ಟೆಗೆ ಇನ್ನೊಂದು ಗೆಣಸು ಬಡಿಸಿ, "ಏನಿಲ್ಲ, ಎಂದಿನದೇ," ಅಂದರು.

ಅವನು ನಂಬಿದ. ತಿದ್ದುಪಡಿ ಹಾಕಿಕೊಳ್ಳಲು ಹೆರಿಗೆ ವಾರ್ಡಿನ ಯಂತ್ರ ನಿಲ್ಲಿಸಬೇಕು, ಅದು ಸುಲಭವಲ್ಲವೆಂದು ಮುಂದೂಡಿದ. ಸಪ್ಪೆ ಸಾಲಿನ ಹಿಂದೆ ಏನಿದೆ ಎಂದು ಮೂಸಿ ನೋಡುವುದು ಕಳ್ಳರ ಹೊಟ್ಟೆಪಾಡು, ಅವರು ಮೂಸಿದರು. ಸುದ್ದಿ ಹೊರಬೀಳುವ ಮೊದಲೇ ಆಸ್ಪತ್ರೆಯ ದಾಖಲೆಗಳಿಗೆಲ್ಲ ಕಳ್ಳರ ಬೀಗ ಬಿತ್ತು. ಯಾರ ರಕ್ತ ಯಾವ ಗುಂಪು, ಯಾರಿಗೆ ಹಿಂದಿನ ಸಲ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು, ಒಂದೂ ತಿಳಿಯದೆ ದಾದಿಯರು ನೋವು ತಿನ್ನುತ್ತಿದ್ದ ಹೆಂಗಸರನ್ನೇ ಕೇಳಿ ಕೇಳಿ ಬರೆದುಕೊಂಡರು. ಯಾರ ಪ್ರಾಣವೂ ಹೋಗಲಿಲ್ಲ. ಅದನ್ನು ನೈಗಾಗ ಎರಡೆರಡು ಸಲ ಹೇಳುತ್ತಾರೆ.

ಬಲಿಕೋವಾನ ಕೆಲಸ ಹೋಯಿತು. ಕಳ್ಳರು ನುಗ್ಗಿದ್ದು ಅಕ್ಕ ಮುಚ್ಚಿದ್ದ ತೂತಿನಿಂದಲೇ ಎಂದು ಗೊತ್ತಾದ ದಿನ ಅವನು ಆಕೆಯ ಮನೆಗೆ ಬಂದ, ಒಳಗೆ ಕಾಲಿಡಲಿಲ್ಲ. ಫೋನಿನಲ್ಲಿ ಆ ಸಾಲು ತೆರೆದು ತೋರಿಸಿದ.

"ಅಕ್ಕಾ, ಇದರ ಕೆಳಗಿರೋದು ನಿನ್ನ ಹೆಸರೇ ಅಲ್ವಾ?"

"ನಂದೇ."

"ನಿನ್ನ ಗೆಣಸು ತಿಂತಾ ಕೇಳಿದ್ನಲ್ಲೇ ನಾನು."

ಹೇಳಿದ್ದರೆ ಅವನು ಇನ್ನೊಬ್ಬನಿಗೆ ಹೇಳುತ್ತಿದ್ದ, ಅವನು ಮತ್ತೊಬ್ಬನಿಗೆ, ಹೀಗೆ ಇನ್ನೆಷ್ಟು ಆಸ್ಪತ್ರೆಗಳ ಬಾಗಿಲು ಮುರಿಯುತ್ತಿತ್ತೋ ಎಂದು ಆಕೆ ವಿವರಿಸಲು ಹೋದರು. ಪ್ರತಿ ವಾರದ ತಿದ್ದುಪಡಿಯನ್ನು ಎಲ್ಲರೂ ಹಾಕಿಕೊಳ್ಳಲೇಬೇಕು ಎಂದು ಮೇಲಿನವರು ಸಾರುತ್ತಲೇ ಇರುತ್ತಾರಲ್ಲ, ಎಂದೂ ಅಂದರು. ಪ್ರತಿ ವಾರ ಕೂಗುವವರ ಮಾತಿಗೆ ಹೆರಿಗೆ ವಾರ್ಡು ನಿಲ್ಲಿಸಲಾಗುತ್ತದೆಯೇ ಎಂದು ಅವನು ತಿರುಗಿ ಕೇಳಿದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆ ನ್ಯಾಯದಿಂದ ಯಾರ ಹೊಟ್ಟೆಯೂ ತಣ್ಣಗಾಗಲಿಲ್ಲ. ಅಂದಿನಿಂದ ಅವನು ಅಕ್ಕನ ಮನೆಯಲ್ಲಿ ನೀರನ್ನೂ ಮುಟ್ಟಿಲ್ಲ.

ಅವನಿಗೀಗ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಮತ್ತೆ ಅದೇ ಕಂಪ್ಯೂಟರು ನೋಡಿಕೊಳ್ಳುವುದು. ಭಾನುವಾರ ಬರುವುದಿಲ್ಲ, ಫೋನಿಗೆ ಒಂದು ಸಾಲು ಕಳಿಸುತ್ತಾನೆ. ಕೇಳುವುದೋ ಚುಚ್ಚುವುದೋ ಹೇಳಲು ಬರುವುದಿಲ್ಲ.

ಇಂದು ಬೆಳಗ್ಗೆ ಆಕೆ ಬರೆದು ಅಳಿಸುತ್ತಿದ್ದುದು ಹೊಸದೊಂದು ತೂತಿನ ಟಿಪ್ಪಣಿ. ನಮ್ಮ ಈ ಬರಹ ಅಚ್ಚಾಗುವ ಹೊತ್ತಿಗೆ ಅದರ ಸುದ್ದಿ ಹೊರಬಿದ್ದಿರುತ್ತದೆ. ಸದ್ಯಕ್ಕೆ ಗುಟ್ಟು. ಸಾಲು ಹೋದ ಮೇಲೆ ಫೋನು ಬೆಳಗುತ್ತದೆ. 'ಅಕ್ಕಾ, ಈ ವಾರ ಏನಾದ್ರೂ ಇದೆಯಾ?' ನೈಗಾಗ ತಣ್ಣಗಾದ ಚಹಾವನ್ನು ಗುಟುಕರಿಸಿ ಉತ್ತರ ಒತ್ತುತ್ತಾರೆ. 'ಏನಿಲ್ಲ, ಎಂದಿನದೇ.'

ಸ್ವಲ್ಪ ಹೊತ್ತಿಗೆ ಅವನಿಂದ ಇನ್ನೊಂದು ಸಾಲು. 'ಹಾಕಿದೆ.'

ಆಕೆ ಅದನ್ನು ಎದುರಿಗೆ ಕೂತ ನಮ್ಮತ್ತ ತಿರುಗಿಸಿ ತೋರಿಸುತ್ತಾರೆ. "ನೋಡಿ, ಈಗ ನನ್ನ ಒಂದು ಮಾತೂ ನಂಬಲ್ಲ ಅವನು. ಏನಿಲ್ಲ ಅಂದ ತಕ್ಷಣ ಎದ್ದು ತಿದ್ದುಪಡಿ ಹಾಕ್ತಾನೆ. ಊಟಕ್ಕೆ ಬರದೇ ಇದ್ರೂ ಪರವಾಗಿಲ್ಲ, ಹೀಗೇ ನಂಬದೇ ಇರ್ಲಿ."