ದಫ್ ಉಸ್ತಾದರು ಕಲಿಸಿದ ತೂಗಾಟ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ, ಇಲ್ಲೇ, ನಾನು ದುಡಿಯಲು ಬಂದ ಅರಬ್ ನಾಡಿನ ಖಮೀಸ್ ಮುಶೈತ್‌ನ ಆಸ್ಪತ್ರೆಯಲ್ಲಿ. ತಾಯಿ, ಮಗು ಇಬ್ಬರೂ ಕ್ಷೇಮ. ಕಿವಿ ನನ್ನ ಹೆಂಡತಿಯದ್ದು, ಉಳಿದದ್ದೆಲ್ಲ ಯಾರದ್ದೆಂದು ಇನ್ನೂ ತೀರ್ಮಾನ ಆಗಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬಟ್ಟೆ ಹೊಲಿಯುವ ಕೈ ಇದು, ಬರೆದು ಅಭ್ಯಾಸವಿಲ್ಲ. ಆದರೆ ಈ ಖುಷಿಯ ಜೊತೆಗೆ ನಮ್ಮ ದಫ್ ಉಸ್ತಾದರ ವಿಷಯವನ್ನೂ ಹೇಳದೆ ಇದ್ದರೆ ಅದು ಅರ್ಧ ಮಾತು.

ಉಸ್ತಾದರ ಮೈ ಸುಮ್ಮನೆ ನಿಂತದ್ದನ್ನು ನಾನು ನೋಡಿಲ್ಲ. ನಮ್ಮೂರಿನ ಮೀನು ಮಾರ್ಕೆಟ್ಟಿನಲ್ಲಿ ಬೂತಾಯಿಗೆ ಚೌಕಾಸಿ ಮಾಡುವಾಗಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದ್ದರು. ಹಗಲು ಹಂಚಿನ ಕಾರ್ಖಾನೆಯ ಕೆಲಸ. ಸಂಜೆ ಮದ್ರಸದ ಹಿಂದಿನ ಅಂಗಳದಲ್ಲಿ ನಮ್ಮ ಪಡ್ಡೆ ಹುಡುಗರ ದಫ್ ಸಂಘ. ಅರುವತ್ತರ ದಶಕ ಅದು. ಎರಡು ಸಾಲು ಹುಡುಗರು, ಕೈಯಲ್ಲಿ ಆಡಿನ ಚರ್ಮ ಬಿಗಿದ ದಫ್, ಹಾಡುತ್ತಾ, ಬಡಿಯುತ್ತಾ, ಬಾಗುತ್ತಾ, ಏಳುತ್ತಾ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಸ್ವರ ಸತ್ತು ಹೋಗುವುದು. ಆಗ ಉಸ್ತಾದರು ಒಣ ಗರಿಯ ಬೆಂಕಿ ಮಾಡಿ ಒಂದೊಂದು ದಫ್ಫನ್ನೂ ಕಾಯಿಸಿ, ಕಿವಿಗೆ ಹಿಡಿದು, ಬೆರಳಲ್ಲಿ ತಟ್ಟಿ ಕೊಡುತ್ತಿದ್ದರು. ಅದರ ಚಳಿ ಬಿಡಲಿ, ಆಮೇಲೆ ಮಾತಾಡ್ತದೆ ಅನ್ನುತ್ತಿದ್ದರು.

ನನಗೆ ಉಗ್ಗು. ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುವುದು. ಸಂಘದ ಹುಡುಗರು ನನ್ನನ್ನು ಸ್ಟಾರ್ಟ್ ಆಗದ ಬಸ್ಸು ಎಂದು ಕರೆಯುತ್ತಿದ್ದರು, ಬಾಯಿ ತೆರೆದರೆ ಸಾಕು, ಹಿಂದಿನಿಂದ ದೂಡುವ ನಟನೆ ಮಾಡುವರು. ಹಾಗಾಗಿ ನಾನು ದಫ್ ಬಡಿದು ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ. ಉಸ್ತಾದರಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮದುವೆಯಲ್ಲಿ, ಮದುಮಗ ಅಂಗಳಕ್ಕೆ ಬರುವ ಹೊತ್ತಿಗೆ, ಹಾಡಿನ ಮೊದಲ ಸಾಲು ಇವನೇ ಎತ್ತುವುದು ಎಂದು ನನ್ನನ್ನು ತೋರಿಸಿಬಿಟ್ಟರು. ಬೇಡ ಎನ್ನಲಿಕ್ಕೂ ನನಗೆ ಮಾತು ಹೊರಡಲಿಲ್ಲ.

ಅವರು ಹಿಂದಿನಿಂದ ಬಂದು ನನ್ನ ಎರಡೂ ಹೆಗಲು ಹಿಡಿದು ಮೆಲ್ಲ ತೂಗಿಸಿದರು. "ನಿನ್ನ ನಾಲಗೆಗೆ ಎಂತದೂ ಆಗಿಲ್ಲ ಮಾರಾಯ. ಅದಕ್ಕೆ ಒಬ್ಬನೇ ಹೊರಡ್ಲಿಕ್ಕೆ ಹೆದರಿಕೆ. ಮೈ ಮೊದಲು ಹೋಗ್ಲಿ, ಬಾಯಿ ಅದರ ಬೆನ್ನಿಗೇ ಬರ್ತದೆ."

ಬಂತು. ಬಸ್ಸು ದೂಡುತ್ತಿದ್ದವರೆಲ್ಲ ಆ ದಿನ ನನ್ನ ಹಿಂದೆ ಹಾಡಬೇಕಾಯಿತು.

ಹಾಡಿನಲ್ಲಿ ಬಿಟ್ಟ ಉಗ್ಗು ಮಾತಿನಲ್ಲಿ ಪೂರ್ತಿ ಬಿಡಲಿಲ್ಲ ಅನ್ನಿ. ಇಲ್ಲಿ ಕೆಲಸ ಕೊಟ್ಟ ಅರಬಿ ಧಣಿ ಕಫೀಲನ ಎದುರು ಈಗಲೂ ತಡವರಿಸುತ್ತೇನೆ. ಜನರೆದುರು ನಿಂತು ನಮಾಜಿಗೆ ಕರೆಯುವ ಬಾಂಗ್ ಕೊಡುವ ಧೈರ್ಯವನ್ನಂತೂ ಒಮ್ಮೆಯೂ ಮಾಡಿದವನಲ್ಲ.

ಇವತ್ತು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹುಟ್ಟಿದ ಮಗುವಿನ ಕಿವಿಗೆ ಮೊದಲು ಬೀಳಬೇಕಾದದ್ದು ಬಾಂಗ್. ಅಳಿಯ ಕೆಲಸದಲ್ಲಿರುವುದು ದೂರದ ಅಬ್ಕೈಕಿನಲ್ಲಿ, ಸಂಜೆಯ ವಿಮಾನಕ್ಕೇ ಅವನು ಬರುವುದು. ಹೆಂಡತಿ ಬಟ್ಟೆ ಸುತ್ತಿದ ಮಗುವನ್ನು ತಂದು ನನ್ನ ಕೈಗಿಟ್ಟು, ನೀವೇ ಕೊಡಬೇಕು ಎಂದಳು. ಮಗಳು ಮಂಚದಿಂದ ನನ್ನ ಬಾಯನ್ನೇ ನೋಡುತ್ತಿದ್ದಳು. ಮೊಮ್ಮಗಳು ಕೇಳುವ ಮೊದಲ ಶಬ್ದವೇ ತುಂಡು ತುಂಡಾಗಿ ಬಿದ್ದರೆ? ತಾಳ ಹಾಕೋಣ ಎಂದರೆ ಎರಡೂ ಕೈಯಲ್ಲಿ ಮಗು.

ಆಗ ಹೆಗಲ ಮೇಲೆ ಉಸ್ತಾದರ ಕೈ ನೆನಪಾಯಿತು. ಎಡಕ್ಕೆ ತೂಗಿದೆ, ಬಲಕ್ಕೆ ತೂಗಿದೆ. ಅಜ್ಜ ಮಗುವನ್ನು ಮಲಗಿಸುತ್ತಿದ್ದಾನೆ ಎಂದುಕೊಂಡಿರಬೇಕು ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ. ಮತ್ತೊಮ್ಮೆ ಎಡಕ್ಕೆ ಬಾಗುವಾಗ ಬಾಯಿ ತೆರೆಯಿತು. ಮೊದಲ ಶಬ್ದದಿಂದ ಕೊನೆಯ ಶಬ್ದದವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಉಸ್ತಾದರು ಹೋದ ವರ್ಷ ತೀರಿಕೊಂಡರು. ಊರಿನಿಂದ ಅಣ್ಣ ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ಟಿನಲ್ಲಿ ಕೇಳಿದ್ದು. ಹಾಸಿಗೆ ಹಿಡಿದ ಮೇಲೂ ದಿಂಬಿನ ಮೇಲೆ ತಲೆ ತೂಗುತ್ತಲೇ ಇತ್ತಂತೆ. ಅಲ್ಲಾಹನು ಅವರ ಕಬರನ್ನು ಬೆಳಗಲಿ. ಇವತ್ತಿನ ಬಾಂಗಿನಲ್ಲಿ ಅವರ ಪಾಲೂ ಇದೆ.

ಸಂಜೆ ಅಳಿಯ ಬಂದ. ಮಗಳ ಮಂಚದ ಬುಡದಲ್ಲಿ ಚಾಪೆ ಹಾಸಿ, ಹೆಂಡತಿ ತಂದ ಅಕ್ಕಿರೊಟ್ಟಿ, ಕೋಳಿಸಾರನ್ನು ದೊಡ್ಡ ಹರಿವಾಣಕ್ಕೆ ಹಾಕಿ ಎಲ್ಲರೂ ಸುತ್ತ ಕೂತೆವು. ಮಂಚದ ಮೇಲಿನ ಮಗಳಿಗೆ ಅವಳ ತಾಯಿಯೇ ತುತ್ತು ಕೊಟ್ಟಳು. ಬಾಂಗ್ ಯಾರು ಕೊಟ್ಟದ್ದೆಂದು ಅಳಿಯ ಕೇಳಿದ. ಮಗಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನನ್ನ ಕಡೆ ಕೈ ತೋರಿಸಿದಳು. ಆಮೇಲೆ ನಕ್ಕಳು.

"ಬಾಪ, ಮಗು ತೊಟ್ಟಿಲಲ್ಲಿ ಮಲಗಿ ಎಷ್ಟು ಹೊತ್ತಾಯ್ತು. ನೀವಿನ್ನು ತೂಗುವುದು ನಿಲ್ಲಿಸಿ ಉಣ್ಣಿ."